ನಗರದ ದೀರ್ಘಾವಧಿ ಸಾರಿಗೆ ಯೋಜನೆಯ ಪರಿಷ್ಕರಣೆ: ನಾಗರಿಕರು ಪದೇ ಪದೇ ಕೇಳುವ ಪ್ರಶ್ನೆಗಳು

ದೀರ್ಘಾವಧಿ ಸಾರಿಗೆ ಯೋಜನೆ ಎಂದರೆ ಏನು?

ಮುಂದಿನ ಇಪ್ಪತ್ತು, ಇಪ್ಪತ್ತೈದು ವರ್ಷಗಳಲ್ಲಿ ನಗರದ ಜನ ಹೇಗೆ ಓಡಾಡಬೇಕು, ಸರಕು ಹೇಗೆ ಸಾಗಬೇಕು, ಅದಕ್ಕಾಗಿ ಯಾವ ಕಾಮಗಾರಿಗೆ ಯಾವಾಗ ಎಷ್ಟು ಹಣ ತೊಡಗಿಸಬೇಕು ಎಂಬುದನ್ನೆಲ್ಲ ಒಂದೇ ಕಡೆ ನಿರ್ಧರಿಸಿ ಬರೆದಿಡುವ ದಾಖಲೆಗೆ ದೀರ್ಘಾವಧಿ ಸಾರಿಗೆ ಯೋಜನೆ ಎನ್ನುತ್ತಾರೆ. ರಸ್ತೆ, ಬಸ್ಸು, ರೈಲು, ಪಾದಚಾರಿ ಮಾರ್ಗ, ಸೈಕಲ್ ಪಥ, ಪಾರ್ಕಿಂಗ್, ಲಾರಿಗಳ ಓಡಾಟ ಇವೆಲ್ಲವೂ ಅದರೊಳಗೆ ಬರುತ್ತವೆ. ಒಂದು ಸೇತುವೆಯ ವಿನ್ಯಾಸ ಅದರಲ್ಲಿ ಸಿಗುವುದಿಲ್ಲ, ಈ ವರ್ಷದ ಬಜೆಟ್ಟೂ ಸಿಗುವುದಿಲ್ಲ. ಆದರೆ ಹತ್ತು ವರ್ಷಗಳ ನಂತರ ಯಾವ ಸೇತುವೆ ಬಜೆಟ್ಟಿನಲ್ಲಿ ಕಾಣಿಸಿಕೊಳ್ಳಲಿದೆ ಎಂಬುದು ಬಹುಪಾಲು ಅಲ್ಲಿಯೇ ತೀರ್ಮಾನವಾಗಿರುತ್ತದೆ. ಮನೆಯ ಮುಂದೆ ಯಂತ್ರಗಳು ಬಂದು ನಿಂತ ದಿನ ಪ್ರಶ್ನೆ ಕೇಳಲು ಹೊರಟ ನಾಗರಿಕನಿಗೆ "ಇದು ಹಿಂದೆಯೇ ಅನುಮೋದನೆಯಾಗಿದೆ" ಎಂಬ ಉತ್ತರ ಸಿಗುವುದು ಈ ಕಾರಣದಿಂದಲೇ.

ಈಗಾಗಲೇ ಒಂದು ಯೋಜನೆ ಇರುವಾಗ ಅದನ್ನು ಮತ್ತೆ ಏಕೆ ಪರಿಷ್ಕರಿಸಬೇಕು?

ಯೋಜನೆ ನಿಂತಿರುವುದು ಊಹೆಗಳ ಮೇಲೆ. ಜನಸಂಖ್ಯೆ ಎಷ್ಟಾಗುತ್ತದೆ, ಉದ್ಯೋಗಗಳು ಯಾವ ದಿಕ್ಕಿಗೆ ಹೋಗುತ್ತವೆ, ಇಂಧನದ ಬೆಲೆ ಏನಾಗುತ್ತದೆ, ಎಷ್ಟು ಮನೆಗಳು ವಾಹನ ಕೊಳ್ಳುತ್ತವೆ ಎಂಬ ಅಂದಾಜುಗಳಲ್ಲಿ ಒಂದೆರಡು ತಪ್ಪಿದರೂ ಅವುಗಳ ಮೇಲೆ ಕಟ್ಟಿದ ಕಾಮಗಾರಿಗಳ ಪಟ್ಟಿ ಅಲುಗಾಡುತ್ತದೆ. 2020ರ ಸಾಂಕ್ರಾಮಿಕದ ನಂತರ ಮನೆಯಿಂದಲೇ ಕೆಲಸ ಮಾಡುವ ರೂಢಿ ಹರಡಿದ್ದು, ಆನ್‌ಲೈನ್ ಖರೀದಿಯಿಂದಾಗಿ ಬಡಾವಣೆಗಳ ಒಳರಸ್ತೆಗಳಿಗೂ ಸರಕು ವಾಹನಗಳು ಬರತೊಡಗಿದ್ದು ಇವೆರಡನ್ನೂ ಅದಕ್ಕೆ ಮೊದಲಿನ ಯೋಜನೆಗಳು ಸರಿಯಾಗಿ ಎಣಿಸಿರಲಿಲ್ಲ.

ಎಷ್ಟು ವರ್ಷಕ್ಕೊಮ್ಮೆ ಪರಿಷ್ಕರಿಸಬೇಕು ಎಂಬುದು ದೇಶದಿಂದ ದೇಶಕ್ಕೆ ಬೇರೆ. ಅಮೆರಿಕದ ಒಕ್ಕೂಟ ನಿಯಮಗಳ ಪ್ರಕಾರ ಮಹಾನಗರ ಪ್ರದೇಶದ ಯೋಜನೆ ಕನಿಷ್ಠ 20 ವರ್ಷ ಮುಂದಕ್ಕೆ ನೋಡಬೇಕು. ವಾಯುಮಾಲಿನ್ಯದ ಮಿತಿ ಮೀರಿದ ಪ್ರದೇಶಗಳಲ್ಲಿ 4 ವರ್ಷಕ್ಕೊಮ್ಮೆ, ಉಳಿದೆಡೆ 5 ವರ್ಷಕ್ಕೊಮ್ಮೆ ಅದನ್ನು ಪರಿಷ್ಕರಿಸಬೇಕು. ಫ್ರಾನ್ಸ್‌ನಲ್ಲಿ 1996ರ ಕಾನೂನು ಒಂದು ಲಕ್ಷಕ್ಕಿಂತ ಹೆಚ್ಚು ಜನರಿರುವ ನಗರ ಸಮೂಹಗಳಿಗೆ ಸಂಚಾರ ಯೋಜನೆಯನ್ನು ಕಡ್ಡಾಯ ಮಾಡಿತು. ಯುರೋಪಿಯನ್ ಒಕ್ಕೂಟ ಸುಸ್ಥಿರ ನಗರ ಸಂಚಾರ ಯೋಜನೆಗಳ ಮಾರ್ಗಸೂಚಿಯನ್ನು 2013ರಲ್ಲಿ ಪ್ರಕಟಿಸಿ 2019ರಲ್ಲಿ ಅದನ್ನೇ ಪರಿಷ್ಕರಿಸಿತು. ಇಂತಹ ಕಾಲಮಿತಿ ಇಲ್ಲದ ಕಡೆ ಹಳೆಯ ಯೋಜನೆ ಎಂದೋ ಹಳಸಿಹೋಗಿದ್ದರೂ ಕಡತದಲ್ಲಿ ಜೀವಂತವಾಗಿಯೇ ಉಳಿಯುತ್ತದೆ. ಅದರಲ್ಲಿ ಎಳೆದಿದ್ದ ಒಂದು ಗೆರೆಯ ಕಾರಣಕ್ಕೆ ಮನೆ ಕಟ್ಟಲಾಗದೆ, ಮಾರಲಾಗದೆ ದಶಕಗಟ್ಟಲೆ ಕಾಯುವ ಕುಟುಂಬಗಳ ಸಂಕಟವನ್ನು ನೋಡಿದವರು ಪರಿಷ್ಕರಣೆಯನ್ನು ಬರಿಯ ಔಪಚಾರಿಕತೆ ಎನ್ನಲಾರರು.

ಇದು ಎಂಜಿನಿಯರ್‌ಗಳ ಕೆಲಸವಲ್ಲವೇ? ಸಾಮಾನ್ಯ ಜನರು ಹೇಳುವಂಥದ್ದು ಏನಿದೆ?

ಸೇತುವೆ ಎಷ್ಟು ಭಾರ ತಾಳುತ್ತದೆ ಎಂಬುದು ಎಂಜಿನಿಯರ್ ಹೇಳಬೇಕಾದ ಮಾತು. ಆ ಸೇತುವೆ ಬೇಕೇ, ಅದೇ ಹಣದಲ್ಲಿ ನೂರಾರು ಬಸ್ಸುಗಳು ಬೇಕೇ ಎಂಬುದು ಹಾಗಲ್ಲ. ಅಲ್ಲಿ ಯಾರ ಸಮಯಕ್ಕೆ, ಯಾರ ಜೀವಕ್ಕೆ ಎಷ್ಟು ಬೆಲೆ ಎಂಬ ನಿರ್ಣಯ ಅಡಗಿದೆ, ಮತ್ತು ಅದನ್ನು ಮಾಡುವ ಹಕ್ಕು ಅಲ್ಲಿ ವಾಸಿಸುವ ಎಲ್ಲರದ್ದು. ಭಾರತದ 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿಯು ರಸ್ತೆಯ ಜಾಗವನ್ನು ಹಂಚುವಾಗ ವಾಹನಗಳಿಗಿಂತ ಜನರನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಎಂದದ್ದು ಇಂಥದೇ ನಿರ್ಣಯ.

ಇದಲ್ಲದೆ, ತಜ್ಞರ ಕಣ್ಣಿಗೆ ಸುಲಭವಾಗಿ ಬೀಳದ ಸಂಗತಿಗಳೂ ಇವೆ. ಮನೆಯಿಂದ ಕಚೇರಿಗೆ, ಕಚೇರಿಯಿಂದ ಮನೆಗೆ ಎಂಬ ನೇರ ಪ್ರಯಾಣವನ್ನು ಅಳೆಯಲು ಹಳೆಯ ಸಮೀಕ್ಷೆಗಳು ಹೇಳಿ ಮಾಡಿಸಿದಂತಿದ್ದವು. ಮಗುವನ್ನು ಶಾಲೆಗೆ ಬಿಟ್ಟು, ಅಲ್ಲಿಂದ ಕೆಲಸಕ್ಕೆ ಹೋಗಿ, ಹಿಂದಿರುಗುವಾಗ ಔಷಧಿ ಅಂಗಡಿ, ತರಕಾರಿ, ವಯಸ್ಸಾದ ತಂದೆತಾಯಿಯ ಮನೆ ಹೀಗೆ ಸರಪಳಿಯಂತೆ ಸಾಗುವ ಪ್ರಯಾಣ ಅವುಗಳಲ್ಲಿ ತುಂಡು ತುಂಡಾಗಿ ದಾಖಲಾಗುತ್ತದೆ, ಅಥವಾ ದಾಖಲಾಗುವುದೇ ಇಲ್ಲ. ಆರೈಕೆಯ ಹೊಣೆ ಹೊತ್ತ ಮಹಿಳೆಯರ ಓಡಾಟ ಬಹುಮಟ್ಟಿಗೆ ಇದೇ ಬಗೆಯದು. ನಸುಕಿನಲ್ಲಿ ಕೆಲಸಕ್ಕೆ ಹೊರಡುವ ಪೌರಕಾರ್ಮಿಕರು, ರಾತ್ರಿ ಪಾಳಿ ಮುಗಿಸಿ ಬರುವ ದಾದಿಯರು ದಟ್ಟಣೆಯ ಹೊತ್ತಿನ ಎಣಿಕೆಯಲ್ಲಿ ಬರುವುದಿಲ್ಲ. ಅವರು ಬಂದು ಹೇಳದಿದ್ದರೆ ಅವರ ಪ್ರಯಾಣ ಯೋಜನೆಯ ಪಾಲಿಗೆ ಇಲ್ಲವೇ ಇಲ್ಲ.

ಯಾವ ಹಂತದಲ್ಲಿ ಅಭಿಪ್ರಾಯ ಹೇಳಿದರೆ ಪ್ರಯೋಜನ ಹೆಚ್ಚು?

ಆದಷ್ಟು ಮೊದಲು. ಸಾಮಾನ್ಯವಾಗಿ ಪರಿಷ್ಕರಣೆ ಹೀಗೆ ಸಾಗುತ್ತದೆ: ಸದ್ಯದ ಸ್ಥಿತಿಯ ಅಧ್ಯಯನ, ಗುರಿಗಳ ನಿರ್ಧಾರ, ಪರ್ಯಾಯಗಳ ರಚನೆ, ಅವುಗಳ ತುಲನೆ, ಕರಡು ಯೋಜನೆ, ಆಕ್ಷೇಪಣೆಗಳ ಆಹ್ವಾನ, ಕೊನೆಗೆ ಅನುಮೋದನೆ. ಹೆಚ್ಚಿನ ನಗರಗಳಲ್ಲಿ ಜನರಿಗೆ ಸುದ್ದಿ ತಲುಪುವುದು ಕರಡು ಸಿದ್ಧವಾದ ಮೇಲೆ. ಆ ಹೊತ್ತಿಗೆ ಗುರಿಗಳು ನಿಗದಿಯಾಗಿರುತ್ತವೆ, ಪರ್ಯಾಯಗಳಲ್ಲಿ ಒಂದನ್ನು ಆರಿಸಿಯೂ ಆಗಿರುತ್ತದೆ. ಉಳಿದಿರುವುದು ಈ ಮೂಲೆಯಲ್ಲಿ ನಿಲ್ದಾಣವೋ ಆ ಮೂಲೆಯಲ್ಲೋ ಎಂಬಷ್ಟೇ ಚರ್ಚೆ.

ನಿಜವಾದ ತೂಕವಿರುವುದು ಗುರಿಗಳ ಹಂತಕ್ಕೆ. "ವಾಹನಗಳ ಸರಾಸರಿ ವೇಗ ಹೆಚ್ಚಬೇಕು" ಎಂಬ ಗುರಿ ಇಟ್ಟುಕೊಂಡರೆ ಮೇಲ್ಸೇತುವೆಗಳು ತಾವಾಗಿಯೇ ಪಟ್ಟಿಯ ಮೇಲ್ಭಾಗಕ್ಕೆ ಏರುತ್ತವೆ. "ಅರ್ಧ ಗಂಟೆಯೊಳಗೆ ಆಸ್ಪತ್ರೆ, ಶಾಲೆ, ಉದ್ಯೋಗದ ತಾಣಗಳನ್ನು ಸ್ವಂತ ವಾಹನವಿಲ್ಲದೆ ತಲುಪಬಲ್ಲವರ ಪ್ರಮಾಣ ಹೆಚ್ಚಬೇಕು" ಎಂದು ಬರೆದರೆ ಅದೇ ಊರಿನ ಅದೇ ಅಂಕಿಅಂಶಗಳಿಂದ ಬೇರೆಯದೇ ಪಟ್ಟಿ ಹೊರಬರುತ್ತದೆ. ಆದ್ದರಿಂದ ಸಭೆಯ ಪ್ರಕಟಣೆ ಕಂಡೊಡನೆ ಕೇಳಬೇಕಾದ ಮೊದಲ ಪ್ರಶ್ನೆ: ಗುರಿಗಳು ಇನ್ನೂ ಚರ್ಚೆಗೆ ಮುಕ್ತವಾಗಿವೆಯೇ? ಮುಕ್ತವಾಗಿಲ್ಲ ಎಂದಾದರೆ, ಅವುಗಳನ್ನು ಯಾರು, ಯಾವಾಗ, ಯಾವ ಆಧಾರದ ಮೇಲೆ ಗೊತ್ತುಮಾಡಿದರು ಎಂಬುದನ್ನು ಬರಹದಲ್ಲಿ ಕೇಳುವುದು ನ್ಯಾಯವೇ ಆಗಿದೆ.

ಕಂಪ್ಯೂಟರ್ ಮಾದರಿಗಳು ಹೇಳುವ ಸಂಚಾರದ ಮುನ್ನಂದಾಜನ್ನು ನಂಬಬಹುದೇ?

ಉಪಯೋಗಿಸಬಹುದು, ಆದರೆ ಕಣ್ಣುಮುಚ್ಚಿ ನಂಬಬಾರದು. ಬಹುತೇಕ ಕಡೆ ಬಳಕೆಯಲ್ಲಿರುವ ಮಾದರಿ ನಗರವನ್ನು ಸಣ್ಣ ವಲಯಗಳಾಗಿ ಒಡೆದು ನಾಲ್ಕು ಲೆಕ್ಕ ಹಾಕುತ್ತದೆ. ಪ್ರತಿ ವಲಯದಿಂದ ಎಷ್ಟು ಪ್ರಯಾಣಗಳು ಹೊರಡುತ್ತವೆ, ಅವು ಎಲ್ಲಿಗೆ ಹೋಗುತ್ತವೆ, ಯಾವ ಬಗೆಯ ವಾಹನದಲ್ಲಿ ಹೋಗುತ್ತವೆ, ಯಾವ ದಾರಿ ಹಿಡಿಯುತ್ತವೆ ಎಂಬುದೇ ಆ ನಾಲ್ಕು. ವಲಯದೊಳಗೇ ಮುಗಿದುಹೋಗುವ ನಡಿಗೆಯ ಪ್ರಯಾಣಗಳು ಇಂಥ ಲೆಕ್ಕದಲ್ಲಿ ಮಸುಕಾಗುತ್ತವೆ. ನಡೆಯುವವರ ಸಂಖ್ಯೆ ಕಡಿಮೆ ಎಂಬ ತಪ್ಪು ಅಭಿಪ್ರಾಯ ಅಲ್ಲಿಂದಲೇ ಹುಟ್ಟುವುದುಂಟು.

ಮುನ್ನಂದಾಜುಗಳು ಎಷ್ಟು ನಿಜವಾಗುತ್ತವೆ ಎಂಬುದನ್ನು ಡೆನ್ಮಾರ್ಕ್‌ನ ಸಂಶೋಧಕ ಬೆಂಟ್ ಫ್ಲಿವ್‌ಬ್ಯೋರ್ಗ್ ಮತ್ತು ಸಂಗಡಿಗರು 14 ದೇಶಗಳ 210 ಸಾರಿಗೆ ಕಾಮಗಾರಿಗಳಲ್ಲಿ ಪರೀಕ್ಷಿಸಿ 2005ರಲ್ಲಿ ಪ್ರಕಟಿಸಿದರು. ಹತ್ತು ರೈಲು ಯೋಜನೆಗಳಲ್ಲಿ ಒಂಬತ್ತರಲ್ಲಿ ಪ್ರಯಾಣಿಕರ ಸಂಖ್ಯೆಯನ್ನು ಹೆಚ್ಚಾಗಿಯೇ ಊಹಿಸಲಾಗಿತ್ತು. ನಿಜವಾಗಿ ಬಂದವರು ಸರಾಸರಿ ಅರ್ಧದಷ್ಟು ಮಾತ್ರ. ರಸ್ತೆಗಳಲ್ಲಿ ಅರ್ಧದಷ್ಟು ಯೋಜನೆಗಳ ಅಂದಾಜು ಶೇ 20ಕ್ಕಿಂತ ಹೆಚ್ಚು ಅತ್ತಿತ್ತ ಆಗಿತ್ತು. ಅಂದಮೇಲೆ ರೈಲು ಬೇಡ, ರಸ್ತೆ ಬೇಡ ಎಂದು ಹೊರಡಬೇಕಾಗಿಲ್ಲ. ಕರಡಿನಲ್ಲಿ ಒಂದೇ ಸಂಖ್ಯೆಯ ಬದಲು ಕನಿಷ್ಠ, ಗರಿಷ್ಠ ಎರಡನ್ನೂ ಕೊಡಬೇಕು, ಹಿಂದಿನ ಯೋಜನೆಯ ಅಂದಾಜುಗಳಲ್ಲಿ ಯಾವುದು ನಿಜವಾಯಿತು, ಯಾವುದು ಆಗಲಿಲ್ಲ ಎಂದು ತೋರಿಸಬೇಕು ಎಂದು ಕೇಳಿದರೆ ಸಾಕು. ಹಳೆಯ ಅಂದಾಜನ್ನು ತಾನೇ ಮುಂದಿಟ್ಟು ಲೆಕ್ಕ ಒಪ್ಪಿಸುವ ಸಂಸ್ಥೆಯ ಹೊಸ ಅಂದಾಜಿಗೆ ಜನ ಕಿವಿಗೊಡುತ್ತಾರೆ.

ರಸ್ತೆ ಅಗಲವಾದರೆ ದಟ್ಟಣೆ ಕಡಿಮೆಯಾಗುವುದಿಲ್ಲವೇ?

ಮೊದಲ ಕೆಲವು ತಿಂಗಳು ಕಡಿಮೆಯಾದಂತೆ ಕಾಣುತ್ತದೆ. ಓಡಾಟ ಸಲೀಸಾದ ಸುದ್ದಿ ಹರಡಿದಂತೆ, ಬೇರೆ ದಾರಿ ಹಿಡಿದಿದ್ದವರು ಮರಳುತ್ತಾರೆ, ಬೇರೆ ಹೊತ್ತಿನಲ್ಲಿ ಹೊರಡುತ್ತಿದ್ದವರು ದಟ್ಟಣೆಯ ಹೊತ್ತಿಗೇ ಬರುತ್ತಾರೆ, ಬಸ್ಸಿನಲ್ಲಿದ್ದವರು ಕಾರಿಗೆ ಬದಲಾಗುತ್ತಾರೆ, ಊರಾಚೆ ಹೊಸ ಬಡಾವಣೆಗಳು ಏಳುತ್ತವೆ. ಅರ್ಥಶಾಸ್ತ್ರಜ್ಞರಾದ ಗಿಲ್ಸ್ ಡುರಾಂಟನ್ ಮತ್ತು ಮ್ಯಾಥ್ಯೂ ಟರ್ನರ್ ಅಮೆರಿಕದ ನಗರಗಳ ಅಂಕಿಅಂಶಗಳನ್ನು ಪರಿಶೀಲಿಸಿ, ಹೆದ್ದಾರಿಯ ಉದ್ದಳತೆ ಎಷ್ಟು ಪಾಲು ಹೆಚ್ಚುತ್ತದೋ ವಾಹನಗಳ ಓಡಾಟವೂ ಹೆಚ್ಚುಕಡಿಮೆ ಅಷ್ಟೇ ಪಾಲು ಹೆಚ್ಚುತ್ತದೆ ಎಂದು 2011ರಲ್ಲಿ ತೋರಿಸಿದರು.

ಇದಕ್ಕೆ ಎದುರು ದಿಕ್ಕಿನ ಅನುಭವವೂ ಇದೆ. ಸಿಯೋಲ್ ನಗರ ಚಿಯಾಂಗ್ಗೆಚಿಯಾನ್ ತೊರೆಯ ಮೇಲಿದ್ದ ಎತ್ತರದ ಹೆದ್ದಾರಿಯನ್ನು 2003ರಲ್ಲಿ ಕೆಡವಲು ತೊಡಗಿ, 2005ರಲ್ಲಿ ತೊರೆಯನ್ನು ಜನರಿಗೆ ತೆರೆದುಕೊಟ್ಟಿತು. ಅದೇ ಸಮಯದಲ್ಲಿ ಬಸ್ ವ್ಯವಸ್ಥೆಯನ್ನು ಅದು ಬುಡದಿಂದ ಸರಿಪಡಿಸಿತು ಎಂಬುದನ್ನು ಮರೆಯಬಾರದು. ಬಸ್ಸನ್ನು ಹಾಗೆಯೇ ಬಿಟ್ಟು ರಸ್ತೆಯನ್ನು ಮಾತ್ರ ತೆಗೆಯುವುದು ಸಿಯೋಲ್‌ನ ಪಾಠವಲ್ಲ.

ಜಾಗದ ಲೆಕ್ಕವನ್ನೂ ನೋಡಬೇಕು. ಸುಮಾರು ಮೂರು ಮೀಟರ್ ಅಗಲದ ಒಂದು ಪಥದಲ್ಲಿ ಖಾಸಗಿ ವಾಹನಗಳು ಗಂಟೆಗೆ 600ರಿಂದ 1,600 ಜನರನ್ನು ಸಾಗಿಸುತ್ತವೆ, ಅದನ್ನೇ ಬಸ್ಸುಗಳಿಗೆ ಮೀಸಲಿಟ್ಟರೆ 4,000ದಿಂದ 8,000 ಜನ ಸಾಗುತ್ತಾರೆ ಎಂದು ನಗರ ಬೀದಿ ವಿನ್ಯಾಸದ ಕೈಪಿಡಿಗಳು ಲೆಕ್ಕ ಕೊಡುತ್ತವೆ. ಇಷ್ಟು ಅಂತರವಿರುವಾಗ ಅಗಲೀಕರಣವೊಂದೇ ದಾರಿ ಎನ್ನುವ ಕರಡು ಉಳಿದ ದಾರಿಗಳನ್ನು ಏಕೆ ಬಿಟ್ಟಿತು ಎಂದು ವಿವರಿಸಬೇಕು.

ನಾನು ಬರೆದು ಕೊಡುವ ಸಲಹೆ ಹೇಗಿದ್ದರೆ ಅದನ್ನು ಗಂಭೀರವಾಗಿ ಪರಿಗಣಿಸುತ್ತಾರೆ?

"ನಮ್ಮ ಕಡೆ ರಸ್ತೆ ಸರಿಯಿಲ್ಲ" ಎಂಬ ಮಾತು ನಿಜವಿರಬಹುದು, ಆದರೆ ಅದನ್ನು ಓದುವ ಅಧಿಕಾರಿಗೆ ಅದರಿಂದ ಏನು ಮಾಡಬೇಕೆಂದು ತಿಳಿಯುವುದಿಲ್ಲ. ಜಾಗ, ಹೊತ್ತು, ಯಾರಿಗೆ ತೊಂದರೆ, ಎಷ್ಟು ತೊಂದರೆ ಎಂಬ ನಾಲ್ಕು ವಿವರ ಸೇರಿದರೆ ಅದೇ ಮಾತಿಗೆ ಬಲ ಬರುತ್ತದೆ.

ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ಆಸ್ಪತ್ರೆಯ ಎದುರಿನ ರಸ್ತೆ 24 ಮೀಟರ್ ಅಗಲವಿದೆ. ಪಾದಚಾರಿಗಳಿಗೆ ಹಸಿರು ದೀಪ 20 ಸೆಕೆಂಡು ಉರಿಯುತ್ತದೆ. ಸಿಗ್ನಲ್ ವಿನ್ಯಾಸದಲ್ಲಿ ವಾಡಿಕೆಯಾಗಿ ಬಳಸುವ ನಡಿಗೆಯ ವೇಗ ಸೆಕೆಂಡಿಗೆ 1.2 ಮೀಟರ್, ಆ ಲೆಕ್ಕದಲ್ಲಿ 20 ಸೆಕೆಂಡು ಸರಿಯಾಗಿಯೇ ಇದೆ. ಊರುಗೋಲು ಹಿಡಿದ ವೃದ್ಧೆ ಸೆಕೆಂಡಿಗೆ 0.8 ಮೀಟರ್ ನಡೆಯುತ್ತಾಳೆ ಎಂದುಕೊಂಡರೆ ದಾಟಲು ಆಕೆಗೆ 30 ಸೆಕೆಂಡು ಬೇಕು. ದೀಪ ಕೆಂಪಾದಾಗ ಆಕೆ 16 ಮೀಟರ್ ದಾಟಿರುತ್ತಾಳೆ, ಇನ್ನೂ 8 ಮೀಟರ್ ಉಳಿದಿರುತ್ತದೆ, ಮತ್ತು ಅಷ್ಟರಲ್ಲಿ ವಾಹನಗಳು ಹೊರಟಿರುತ್ತವೆ. ನಿಂತು ಸಮಯ ಅಳೆದು ಹೀಗೆ ಬರೆದುಕೊಟ್ಟ ಒಂದು ಪುಟ, ಆಸ್ಪತ್ರೆ, ಶಾಲೆ, ವೃದ್ಧಾಶ್ರಮಗಳ ಎದುರು ಸಿಗ್ನಲ್ ಸಮಯವನ್ನು ನಿಧಾನ ನಡೆಯುವವರಿಗೆ ತಕ್ಕಂತೆ ಇಡಬೇಕು ಎಂಬ ನೀತಿಯಾಗಿ ಇಡೀ ನಗರದ ಯೋಜನೆಯೊಳಗೆ ಸೇರಬಲ್ಲದು. ಒಂದೇ ಬಗೆಯ ಮುದ್ರಿತ ಪತ್ರಕ್ಕೆ ನೂರು ಜನ ಸಹಿ ಹಾಕಿದ್ದಕ್ಕಿಂತ ಇದು ಮೇಲು ಎಂಬುದು ನಮ್ಮ ಖಚಿತ ಅಭಿಪ್ರಾಯ. ಸಹಿ ಸಂಗ್ರಹಕ್ಕೂ ಅದರದೇ ಬೆಲೆಯಿದೆ, ಆದರೆ ಅದು ಬೇಡಿಕೆಯ ಬಲವನ್ನು ತೋರಿಸುತ್ತದೆಯೇ ಹೊರತು ಪರಿಹಾರದ ದಾರಿಯನ್ನಲ್ಲ.

ಸಭೆಗೆ ಬರಲಾಗದವರ ಮಾತು ಹೇಗೆ ತಲುಪುತ್ತದೆ?

ಸಂಜೆ ಐದಕ್ಕೆ, ನಗರದ ಮಧ್ಯದ ಸಭಾಂಗಣದಲ್ಲಿ, ಮೆಟ್ಟಿಲು ಹತ್ತಿ ಹೋಗಬೇಕಾದ ಮಹಡಿಯಲ್ಲಿ ಸಭೆ ಕರೆದರೆ ಬರುವವರು ಯಾರೆಂದು ಮೊದಲೇ ಹೇಳಬಹುದು. ಸಮಯವಿದ್ದವರು, ವಾಹನವಿದ್ದವರು, ಮೈಕ್ ಹಿಡಿದು ಮಾತಾಡಿ ಅಭ್ಯಾಸವಿದ್ದವರು ಬರುತ್ತಾರೆ. ಕೂಲಿ ಬಿಟ್ಟು ಬರಲಾಗದವರು, ಗಾಲಿಕುರ್ಚಿಯಲ್ಲಿರುವವರು, ಊರಿನ ಭಾಷೆ ಇನ್ನೂ ಕೈಗೂಡದ ವಲಸಿಗರು, ಮತದಾನದ ವಯಸ್ಸು ಬಾರದಿದ್ದರೂ ದಿನವೂ ರಸ್ತೆ ದಾಟುವ ಮಕ್ಕಳು ಹೊರಗುಳಿಯುತ್ತಾರೆ. ಬಸ್ಸನ್ನೇ ನಂಬಿದವರು ಇಲ್ಲದ ಕೋಣೆಯಲ್ಲಿ ಬಸ್ಸಿನ ಭವಿಷ್ಯ ತೀರ್ಮಾನವಾಗುವುದು ಅನ್ಯಾಯ.

ಆದ್ದರಿಂದ ಯೋಜನೆ ಜನರಿದ್ದಲ್ಲಿಗೆ ಹೋಗಬೇಕು. ಬಸ್ ನಿಲ್ದಾಣ, ಮಾರುಕಟ್ಟೆ, ಕಾರ್ಖಾನೆಯ ಗೇಟು, ಶಾಲೆಯ ಅಂಗಳಗಳಲ್ಲಿ ನಕ್ಷೆ ಹರಡಿ ಕೂತು ಕೇಳುವುದು, ಫೋನಿನ ಮೂಲಕ ಅಭಿಪ್ರಾಯ ಪಡೆಯುವುದು, ಓದಲು ಬಾರದವರ ಮಾತನ್ನು ಅವರದೇ ನುಡಿಯಲ್ಲಿ ಬರೆದುಕೊಳ್ಳುವುದು, ಅಂಗವಿಕಲರೊಡನೆ ಒಂದು ಇಡೀ ರಸ್ತೆಯನ್ನು ನಡೆದು ನೋಡುವುದು ಇವೆಲ್ಲ ದುಬಾರಿ ಕೆಲಸಗಳೇನಲ್ಲ. ಆನ್‌ಲೈನ್ ಸಮೀಕ್ಷೆ ಒಂದನ್ನೇ ನೆಚ್ಚಿಕೊಂಡರೆ ಸಂಖ್ಯೆ ದೊಡ್ಡದಾಗಿ ಕಾಣುತ್ತದೆ. ಆದರೆ ಉತ್ತರಿಸಿದವರ ವಯಸ್ಸು, ಲಿಂಗ, ವಾಸಸ್ಥಳ, ಪ್ರಯಾಣದ ಬಗೆ ಇವನ್ನು ನಗರದ ಜನಗಣತಿಯೊಡನೆ ಹೋಲಿಸಿ ಯಾರ ದನಿ ಕಡಿಮೆ ಕೇಳಿದೆ ಎಂದು ಪ್ರಕಟಿಸದ ಹೊರತು ಆ ಸಂಖ್ಯೆಗೆ ಅರ್ಥವಿಲ್ಲ.

ಬಹಳಷ್ಟು ಜನ ವಿರೋಧಿಸಿದರೆ ಪ್ರಸ್ತಾವವನ್ನು ಕೈಬಿಡುತ್ತಾರೆಯೇ?

ಕೈಬಿಟ್ಟ ದೊಡ್ಡ ಉದಾಹರಣೆಗಳಿವೆ. ಟೊರಾಂಟೊದ ಸ್ಪಡೈನಾ ಎಕ್ಸ್‌ಪ್ರೆಸ್ ಹೆದ್ದಾರಿಯ ಒಂದು ಭಾಗ ಕಟ್ಟಿಯಾಗಿದ್ದರೂ ನಿವಾಸಿಗಳ ಹೋರಾಟದ ಫಲವಾಗಿ 1971ರಲ್ಲಿ ಅದು ಅಲ್ಲಿಗೇ ನಿಂತಿತು. ಅಮೆರಿಕದ ಪೋರ್ಟ್‌ಲ್ಯಾಂಡ್ ನಗರದಲ್ಲಿ ಮೌಂಟ್ ಹುಡ್ ಹೆದ್ದಾರಿಯನ್ನು 1974ರಲ್ಲಿ ಕೈಬಿಟ್ಟು, ಅದಕ್ಕೆಂದು ಇದ್ದ ಹಣವನ್ನು ಬೇರೆ ಸಾರಿಗೆ ಕಾಮಗಾರಿಗಳತ್ತ ತಿರುಗಿಸಲಾಯಿತು; 1986ರಲ್ಲಿ ಅಲ್ಲಿ ಲಘು ರೈಲು ಓಡತೊಡಗಿತು. ಹೆದ್ದಾರಿ ಬಂದಿದ್ದರೆ ಅಳಿಯುತ್ತಿದ್ದ ಎಷ್ಟೋ ಮನೆಗಳು, ಬೀದಿಗಳು ಇಂದಿಗೂ ಉಳಿದಿವೆ.

ಆದರೆ ಸಮಾಲೋಚನೆ ಎಂದರೆ ತಲೆ ಎಣಿಕೆಯಲ್ಲ. ಸ್ಟಾಕ್‌ಹೋಮ್ ನಗರಕೇಂದ್ರಕ್ಕೆ ಬರುವ ವಾಹನಗಳಿಗೆ ದಟ್ಟಣೆ ಶುಲ್ಕ ವಿಧಿಸಲು ಹೊರಟಾಗ ಬಹುಮತ ಅದರ ವಿರುದ್ಧವಿತ್ತು. ನಗರ 2006ರ ಜನವರಿಯಿಂದ ಜುಲೈವರೆಗೆ ಅದನ್ನು ಪ್ರಯೋಗವಾಗಿ ಜಾರಿಗೆ ತಂದಿತು. ಶುಲ್ಕದ ಗಡಿ ದಾಟುವ ವಾಹನಗಳು ಸುಮಾರು ಶೇ 20ರಷ್ಟು ಇಳಿದವು. ಪ್ರಯೋಗ ಮುಗಿದು ಶುಲ್ಕ ನಿಂತ ಮೇಲೆ ಸೆಪ್ಟೆಂಬರ್‌ನಲ್ಲಿ ನಡೆದ ಜನಮತಗಣನೆಯಲ್ಲಿ ನಗರದ ಮತದಾರರು ಅದನ್ನು ಒಪ್ಪಿದರು, 2007ರಲ್ಲಿ ಅದು ಕಾಯಂ ಆಯಿತು. ಅನುಭವಿಸಿ ನೋಡುವ ಅವಕಾಶ ಕೊಟ್ಟು ಆಮೇಲೆ ಕೇಳುವುದು ಜನರ ವಿವೇಕಕ್ಕೆ ತೋರಿಸುವ ಗೌರವ. ಬಸ್ ಪಥ, ವಾಹನಮುಕ್ತ ಬೀದಿ, ಹೊಸ ಸಿಗ್ನಲ್ ವ್ಯವಸ್ಥೆಗಳಿಗೆ ಈ ವಿಧಾನ ಚೆನ್ನಾಗಿ ಒಪ್ಪುತ್ತದೆ. ಸುರಂಗಕ್ಕೋ ಮೇಲ್ಸೇತುವೆಗೋ ಒಪ್ಪುವುದಿಲ್ಲ, ಏಕೆಂದರೆ ಅವನ್ನು ಕಟ್ಟಿ ನೋಡಿ ಕೆಡವಲಾಗದು.

ಇನ್ನೊಂದು ಮಾತು. ಜೀವಸುರಕ್ಷೆಯ ವಿಷಯವನ್ನು ಬಹುಮತಕ್ಕೆ ಬಿಡಬಾರದು. ವಾಹನಗಳ ಸರಾಸರಿ ವೇಗ ಶೇ 1ರಷ್ಟು ಏರಿದರೆ ಸಾವು ತರುವ ಅಪಘಾತದ ಅಪಾಯ ಶೇ 4ರಷ್ಟು ಏರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಶಾಲೆಯ ಮುಂದೆ ವೇಗ ಇಳಿಸಬೇಕೇ ಬೇಡವೇ ಎಂಬುದಕ್ಕೆ ಸಹಿ ಸಂಗ್ರಹ ಬೇಕಾಗಿಲ್ಲ.

ಅಂಗಡಿ ಎದುರಿನ ಪಾರ್ಕಿಂಗ್ ತೆಗೆದರೆ ವ್ಯಾಪಾರ ಬಿದ್ದುಹೋಗುವುದಿಲ್ಲವೇ?

ಈ ಆತಂಕ ಸಹಜ, ಅದನ್ನು ತಳ್ಳಿಹಾಕಬಾರದು. ಗಿರಾಕಿಗಳು ಹೇಗೆ ಬರುತ್ತಾರೆ ಎಂದು ಅಂಗಡಿಯ ಬಾಗಿಲಲ್ಲೇ ಕೆಲವು ದಿನ ಕೇಳಿ ದಾಖಲಿಸುವುದು ಒಳ್ಳೆಯದು. ವ್ಯಾಪಾರಿಗಳೂ ಯೋಜಕರೂ ಸೇರಿ ಈ ಎಣಿಕೆ ಮಾಡಿದರೆ ವಾದ ಅರ್ಧ ಕಡಿಮೆಯಾಗುತ್ತದೆ. ಸರಕು ಇಳಿಸಲು ನಿಗದಿತ ಜಾಗ, ನಿಗದಿತ ಹೊತ್ತು ಇರಬೇಕೆಂಬ ಬೇಡಿಕೆಯನ್ನು ಅವರು ಮೊದಲೇ ಬರೆದುಕೊಡಬೇಕು. ಕಾಮಗಾರಿ ನಡೆಯುವ ತಿಂಗಳುಗಳಲ್ಲಿ ಆಗುವ ನಷ್ಟ ಬೇರೆಯೇ ವಿಷಯ, ಅದಕ್ಕೆ ಯೋಜನೆಯಲ್ಲೇ ದಾರಿ ಇರಬೇಕು.

ನಕ್ಷೆಯಲ್ಲಿ ನನ್ನ ಮನೆಯ ಮೇಲೆ ಗೆರೆ ಬಂದಿದೆ. ಮನೆ ಹೋಗುತ್ತದೆಯೇ?

ದೀರ್ಘಾವಧಿ ಯೋಜನೆಯ ನಕ್ಷೆ ಸಾಮಾನ್ಯವಾಗಿ ದಿಕ್ಕನ್ನು ಸೂಚಿಸುತ್ತದೆ, ಅಳತೆಯನ್ನಲ್ಲ. ಭೂಸ್ವಾಧೀನಕ್ಕೆ ಬೇರೆಯೇ ಕಾನೂನು ಪ್ರಕ್ರಿಯೆ, ನೋಟಿಸು, ಪರಿಹಾರ ಇರುತ್ತದೆ. ಹಾಗೆಂದು ಸುಮ್ಮನಿರಬೇಡಿ. ಗೆರೆ ಸೂಚಕ ಮಾತ್ರವೇ, ಕಟ್ಟಡ ಪರವಾನಗಿಯ ಮೇಲೆ ಅದರ ಪರಿಣಾಮವೇನು, ಎಷ್ಟು ವರ್ಷಗಳೊಳಗೆ ಕಾಮಗಾರಿ ಶುರುವಾಗದಿದ್ದರೆ ಅದು ರದ್ದಾಗುತ್ತದೆ ಎಂಬ ಮೂರನ್ನೂ ಆಕ್ಷೇಪಣೆಯ ಅವಧಿ ಮುಗಿಯುವ ಮೊದಲೇ ಲಿಖಿತವಾಗಿ ಕೇಳಿ, ಸ್ವೀಕೃತಿ ಪಡೆದುಕೊಳ್ಳಿ.

ಇಷ್ಟೆಲ್ಲಕ್ಕೆ ಹಣ ಎಲ್ಲಿಂದ ಬರುತ್ತದೆ?

ಬರಲಿರುವ ಹಣದ ಅಂದಾಜಿಲ್ಲದ ಯೋಜನೆ ಬರಿಯ ಆಸೆಗಳ ಪಟ್ಟಿ. ಅಮೆರಿಕದ ನಿಯಮಗಳು ಮಹಾನಗರ ಯೋಜನೆಯ ಕಾಮಗಾರಿಗಳಿಗೆ ಸಮಂಜಸವಾಗಿ ನಿರೀಕ್ಷಿಸಬಹುದಾದ ಹಣ ಎಷ್ಟೆಂದು ತೋರಿಸಲೇಬೇಕು ಎನ್ನುತ್ತವೆ. ಈ ಶಿಸ್ತು ಎಲ್ಲ ಕಡೆಗೂ ಬೇಕು. ನಾಗರಿಕರು ವಿಶೇಷವಾಗಿ ಗಮನಿಸಬೇಕಾದದ್ದು ನಿರ್ವಹಣೆಯ ವೆಚ್ಚ. ಉದ್ಘಾಟನೆಯ ನಂತರ ಮೂವತ್ತು ವರ್ಷ ಬಸ್ಸು ಓಡಿಸುವ, ಲಿಫ್ಟ್ ಕೆಡದಂತೆ ನೋಡಿಕೊಳ್ಳುವ, ಪಾದಚಾರಿ ಮಾರ್ಗದ ಕಲ್ಲು ಎದ್ದರೆ ಕೂರಿಸುವ ಹಣ ಕಾಗದದಲ್ಲಿ ಎಲ್ಲಿದೆ ಎಂದು ಹುಡುಕಿ ನೋಡಿ.

ನಾವು ಹೇಳಿದ್ದು ಏನಾಯಿತು ಎಂದು ತಿಳಿಯುವುದು ಹೇಗೆ?

ಅಮೆರಿಕದ ಲೇಖಕಿ ಶೆರ್ರಿ ಆರ್ನ್‌ಸ್ಟೀನ್ 1969ರಲ್ಲಿ ನಾಗರಿಕರ ಭಾಗವಹಿಸುವಿಕೆಯನ್ನು ಎಂಟು ಮೆಟ್ಟಿಲುಗಳ ಏಣಿಯಾಗಿ ವಿವರಿಸಿದರು. ಅಧಿಕಾರ ನಿಜವಾಗಿ ಜನರ ಕೈಗೆ ಬರುವುದು ಮೇಲಿನ ಮೆಟ್ಟಿಲುಗಳಲ್ಲಿ. ಮಾಹಿತಿ ಕೊಟ್ಟು ಅಭಿಪ್ರಾಯ ಕೇಳಿ ಅಲ್ಲಿಗೇ ಬಿಟ್ಟುಬಿಡುವುದನ್ನು ಆಕೆ ತೋರಿಕೆಯ ಭಾಗವಹಿಸುವಿಕೆ ಎಂದು ಕರೆದರು. ತೋರಿಕೆ ಯಾವುದು, ನಿಜ ಯಾವುದು ಎಂದು ಗುರುತಿಸಲು ಒಂದು ಸರಳ ಪರೀಕ್ಷೆಯಿದೆ: ಬಂದ ಪ್ರತಿ ಸಲಹೆಗೂ ಒಪ್ಪಲಾಗಿದೆ, ಭಾಗಶಃ ಒಪ್ಪಲಾಗಿದೆ, ಒಪ್ಪಲಾಗಿಲ್ಲ ಎಂಬ ಉತ್ತರವೂ ಅದರ ಕಾರಣವೂ ಬರಹದಲ್ಲಿ ಪ್ರಕಟವಾಗಿದೆಯೇ? ಒಪ್ಪಿದ್ದರೆ ಕರಡಿನ ಯಾವ ಪುಟದಲ್ಲಿ ಏನು ಬದಲಾಯಿತು ಎಂದು ತೋರಿಸಲಾಗಿದೆಯೇ? ತನ್ನ ಸಲಹೆಯನ್ನು ಒಪ್ಪದೆ ಇದ್ದರೂ ಕಾರಣ ತಿಳಿದ ನಾಗರಿಕ ಮುಂದಿನ ಸಭೆಗೂ ಬರುತ್ತಾನೆ. ಉತ್ತರವೇ ಸಿಗದವನು ಮತ್ತೆ ಬರುವುದಿಲ್ಲ, ಮತ್ತು ಆ ನಷ್ಟ ಯೋಜನೆಯದು.

ಅನುಮೋದನೆಯಾದ ಮೇಲೆ ನಮ್ಮ ಪಾತ್ರ ಮುಗಿಯಿತೇ?

ಇಲ್ಲ. ಪ್ರತಿ ವರ್ಷ ಪ್ರಗತಿ ವರದಿ ಹೊರಬರಬೇಕೆಂದು, ಅದರಲ್ಲಿ ಕಟ್ಟಿದ ಕಿಲೋಮೀಟರುಗಳ ಜೊತೆಗೆ ರಸ್ತೆ ಸಾವುಗಳು, ಬಸ್ಸಿಗಾಗಿ ಕಾಯುವ ಸಮಯ, ನಡೆದು ಹೋಗುವ ಮಕ್ಕಳ ಪ್ರಮಾಣ ಮುಂತಾದವೂ ಇರಬೇಕೆಂದು ಯೋಜನೆಯಲ್ಲೇ ಬರೆಸಿಕೊಳ್ಳಿ. ಯೋಜನೆಯಲ್ಲಿಲ್ಲದ ದೊಡ್ಡ ಕಾಮಗಾರಿ ನಡುವೆ ತಲೆಯೆತ್ತಿದರೆ, ತಿದ್ದುಪಡಿಗೆ ಮತ್ತೊಮ್ಮೆ ಸಾರ್ವಜನಿಕ ಸಮಾಲೋಚನೆ ನಡೆಯಲೇಬೇಕು ಎಂಬ ಷರತ್ತೂ ಅಲ್ಲಿರಲಿ. ನಿಮ್ಮ ವಾರ್ಡಿನ ಪ್ರತಿನಿಧಿ ಅನುಮೋದನೆಯ ಸಭೆಯಲ್ಲಿ ಏನು ಮಾತಾಡಿದರು ಎಂಬ ನಡಾವಳಿಯ ಪ್ರತಿಯನ್ನು ಪಡೆದು ಇಟ್ಟುಕೊಳ್ಳಿ. ಮುಂದಿನ ಪರಿಷ್ಕರಣೆ ಶುರುವಾದಾಗ ಮೊದಲು ಕೈಗೆ ಬೇಕಾಗುವ ಕಾಗದ ಅದೇ.